ಮರ್ಯಾದೆ ಗುಂಡಿ

ಮಾರ್ಚ್ 2

ತಂಗಿಗೆ,

ನಾನು ಬದುಕಿದ್ದೇನೆ, ಕೆಲಸದಲ್ಲೂ ಇದ್ದೇನೆ. ನೀನು ಹಡಗಿನಲ್ಲಿ ಚೆನ್ನಾಗಿರುವುದು ಅಮ್ಮನ ಮುಖ ನೋಡಿದರೆ ಗೊತ್ತಾಗುತ್ತದೆ. ಭಾನುವಾರ ಬೆಳಗ್ಗೆ ಫೋನ್ ಹಿಡಿದುಕೊಂಡು ಬಾಗಿಲು ಹಾಕಿಕೊಳ್ಳುತ್ತಾಳೆ. ಹೊರಗೆ ಬಂದಾಗ ಯಾರದು ಎಂದು ಕೇಳಿದರೆ "ರಾಂಗ್ ನಂಬರ್" ಎನ್ನುತ್ತಾಳೆ. ಮುಕ್ಕಾಲು ಗಂಟೆಯ ರಾಂಗ್ ನಂಬರ್! ಇರಲಿ.

ಎರಡು ವರ್ಷದ ಮೇಲೆ ಬರೆಯುತ್ತಿರುವುದು ಕೆಲಸದ ವಿಷಯಕ್ಕೆ. ದಯವಿಟ್ಟು ಫೋನ್ ಮಾಡಬೇಡ. ನಾನು ಹೇಳಿದ್ದು, ನೀನು ಹೇಳಿದ್ದು ಎಲ್ಲ ಬರಹದಲ್ಲೇ ಇರಲಿ. ನಾಳೆ ಯಾರೂ "ನಾನು ಹಾಗಂದೇ ಇಲ್ಲ" ಅನ್ನಬಾರದು.

ಏಪ್ರಿಲ್ 2ಕ್ಕೆ ನಮ್ಮ ರಂಗಮಂದಿರದಲ್ಲಿ ಹೊಸ ಸಂಗೀತ ನಾಟಕ ಶುರು. ಇಷ್ಟು ದಿನ ಕನ್ಸೋಲಿನೊಳಗೆ ಏನಿತ್ತೋ ಅದರಲ್ಲೇ ಕಾಲ ತಳ್ಳಿದೆ. ಈ ಸಲ ನಿರ್ದೇಶಕರಿಗೆ ಬಾವಿಯೊಳಗಿನ ಪ್ರತಿಧ್ವನಿ ಬೇಕಂತೆ, ಹಳೇ ರೇಡಿಯೋದ ಗೊಗ್ಗರು ದನಿ ಬೇಕಂತೆ, ನಾಯಕಿಯ ದನಿ ಇನ್ನಷ್ಟು ನುಣುಪಾಗಬೇಕಂತೆ. ಅದಕ್ಕೆ ಕನ್ಸೋಲಿನ ಪಕ್ಕ ಒಂದು ಕಂಪ್ಯೂಟರ್ ಬಂದು ಕೂತಿದೆ. ಮ್ಯಾನೇಜರ್ "ಇದೇನಮ್ಮ ಮಾಡುತ್ತೆ?" ಎಂದು ಕೇಳಿದರು. ಮೈಕಿನ ದನಿ ಮೊದಲು ದನಿಗಳನ್ನ ಏರಿಸಿ ಇಳಿಸಿ ಬೆರೆಸೋ ಈ ಕನ್ಸೋಲಿಗೆ ಬರುತ್ತೆ ಸಾರ್, ಅಲ್ಲಿಂದ ಕಂಪ್ಯೂಟರಿಗೆ ಹೋಗುತ್ತೆ, ಅಲ್ಲಿ ಪ್ಲಗಿನ್ ಅನ್ನೋ ಪುಟ್ಟ ಪುಟ್ಟ ಸಾಫ್ಟ್‌ವೇರ್‌ಗಳು ಅದನ್ನ ಒಗೆದು ಇಸ್ತ್ರಿ ಮಾಡಿ ಮತ್ತೆ ಕನ್ಸೋಲಿಗೆ ವಾಪಸ್ ಕಳಿಸ್ತವೆ, ಆ ಪ್ಲಗಿನ್‌ಗಳನ್ನೆಲ್ಲ ಸಾಲಾಗಿ ಕೂರಿಸಿ ಕೆಲಸ ತೆಗೆಯೋ ಯಜಮಾನನೇ ಹೋಸ್ಟ್ ಎಂದು ಬಿಡಿಸಿ ಹೇಳಿದೆ. "ಹಾಗಾದ್ರೆ ಯಾವ ಹೋಸ್ಟ್ ಒಳ್ಳೇದು ಅಂತ ನೀವೇ ಬರೆದು ಸಹಿ ಹಾಕಿಕೊಡಿ" ಎಂದರು. ಸಹಿ ಯಾಕೆ? ಕೆಟ್ಟರೆ ನನ್ನ ತಲೆಗೆ ಕಟ್ಟುವುದಕ್ಕೆ.

ಜರಡಿ ಹಿಡಿದು ಎರಡು ಉಳಿಸಿಕೊಂಡಿದ್ದೇನೆ. ಒಂದು ಎಲ್ಲವನ್ನೂ ಬಲ್ಲೆ ಎನ್ನುವ ಭಾರೀ ಹೋಸ್ಟ್. ಅದಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟಿದ್ದೇನೆ. ಇನ್ನೊಂದು ಮೂಳೆ ಚಕ್ಕಳ, ಪರದೆಯ ಮೇಲೆ ನಾಲ್ಕು ಬೂದು ಚೌಕ ಬಿಟ್ಟರೆ ಏನಿಲ್ಲ. ಅದು ಒಣಕಲ. ಅಂಗಡಿಯವನು ದೊಡ್ಡಪ್ಪನನ್ನು ಅತಿಯಾಗಿ ಹೊಗಳುತ್ತಾನೆ, ಆದ್ದರಿಂದ ಅವನ ಮಾತನ್ನು ನಂಬುವ ಹಾಗಿಲ್ಲ. ಇಲ್ಲಿ ಕೇಳೋಣವೆಂದರೆ ರಂಗದ ಬದಿಯಲ್ಲಿ ಕೂತು ನಟರ ಕಿವಿಗೆ ದನಿ ಕಳಿಸುವ ನಮ್ಮ ಮೌನಿ ಒಬ್ಬನೇ. ಆತ ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದಾನೆ, ಹತ್ತೊಂಬತ್ತು ಮಾತೂ ಆಡಿಲ್ಲ. ಅಷ್ಟು ಸುಮ್ಮನಿರುವವರ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ಯಾರಿಗೆ ಗೊತ್ತು?

ನಿನ್ನ ಹಡಗಿನಲ್ಲೂ ಇದೇ ಕನ್ಸೋಲ್ ಇದೆ ಎಂದು ಅಮ್ಮ ಬಾಯಿ ತಪ್ಪಿ ಹೇಳಿದಳು. ಎರಡರಲ್ಲಿ ಯಾವುದು ಒಳ್ಳೆಯದು? ಗೊತ್ತಿದ್ದರೆ ಬರಿ. ಇಲ್ಲದಿದ್ದರೆ ಗೊತ್ತಿಲ್ಲ ಎಂದು ಬರಿ.

ಅಕ್ಕ

———

ಮಾರ್ಚ್ 6

ಅಕ್ಕಾ,

ನಿನ್ನ ಹೆಸರು ಕಂಡು ಅಮ್ಮನಿಗೇನೋ ಆಗಿದೆ ಎಂದುಕೊಂಡೆ. ಆತುರದಲ್ಲಿ ತೆರೆದೆ. ನೋಡಿದರೆ ದೊಡ್ಡಪ್ಪ ಮತ್ತು ಒಣಕಲ!

ನಮಗೆ ದಿನಕ್ಕೆ ಅರ್ಧ ಗಂಟೆ ನೆಟ್ ಸಿಗುತ್ತದೆ, ಅದೂ ಲಾಂಡ್ರಿಯ ಹೊರಗಿನ ಓಣಿಯಲ್ಲಿ, ಹಬೆಯ ನಡುವೆ. ಒಗೆಯುವ ಯಂತ್ರದ ಸದ್ದಿನಲ್ಲಿ ಇದನ್ನು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸು. ಪ್ರವಾಸಿಗರಿಗಾಗಿರುವ, ಐದನೇ ಅಂತಸ್ತಿನ ಪುಟ್ಟ ಥಿಯೇಟರಿನಲ್ಲಿ ನನ್ನ ಕೆಲಸ. ಹೌದು, ಕನ್ಸೋಲ್ ನಿನ್ನದರ ಅವಳಿ.

ನಾನು ಎರಡನ್ನೂ ನಡೆಸಿದ್ದೇನೆ. ದೊಡ್ಡಪ್ಪನಿಗೆ ಬಣ್ಣ ಬಣ್ಣದ ಪರದೆ, ಏನು ಕೇಳಿದರೂ ಇಲ್ಲ ಅನ್ನುವುದಿಲ್ಲ. ಆದರೆ ದನಿಯನ್ನು ಒಳಗೆ ಕರೆದುಕೊಂಡು ಹೋಗಿ ಹೊರಗೆ ಬಿಡಲು ತುಸು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ. ಹಾಡುವವರಿಗೆ ತಮ್ಮ ದನಿಯೇ ಬೆನ್ನ ಹಿಂದೆ ನಡೆದು ಬಂದಂತಾಗುತ್ತದೆ. ಒಣಕಲನಿಗೆ ರೂಪವಿಲ್ಲ, ಕೆಲಸವಿದೆ. ನಾವು ಇಲ್ಲಿ ಅವನನ್ನೇ ಇಟ್ಟುಕೊಂಡಿದ್ದೇವೆ. ನಾಟಕದ ನಡುವೆ ಕಂಪ್ಯೂಟರ್ ಕೈಕೊಟ್ಟರೆ ಯಾರು ಬೇಗ ಏಳುತ್ತಾರೆ, ನೀನು ಜ್ವರ ಬಂದು ಮಲಗಿದ ದಿನ ಬೇರೆಯವರು ಯಾರನ್ನು ನಡೆಸಬಲ್ಲರು, ಇದನ್ನೆಲ್ಲ ನೋಡು. ಬರೀ ಕಿವಿಗೆ ಬಿಡಬೇಡ.

ಬೇಕಾದರೆ ಎರಡನ್ನೂ ಹೋಲಿಸಿ ಕೇಳಲು ಒಂದು ಫೈಲ್ ಮಾಡಿ ಕಳಿಸುತ್ತೇನೆ. ನಿನ್ನ ಕನ್ಸೋಲಿಗೆ ನೇರ ಹಾಕಬಹುದು.

ಚಿಕ್ಕವಳು

———

ಮಾರ್ಚ್ 8

ತಂಗಿಗೆ,

ಕಾಗದ ಮೂರು ಸಲ ಓದಿದೆ. ಮೊದಲ ಸಲ ಸಂತೋಷವಾಯಿತು, ಎರಡನೇ ಸಲ ಅನುಮಾನ ಬಂತು, ಮೂರನೇ ಸಲಕ್ಕೆ ಅನುಮಾನ ಗಟ್ಟಿಯಾಯಿತು. ಇಷ್ಟು ಸಿಹಿ ಯಾಕೆ?

ಎರಡು ವರ್ಷದ ಹಿಂದೆ ಹೇಳದೆ ಕೇಳದೆ ಹೋದವಳು ನೀನು. ನನ್ನ ಪಕ್ಕದ ಎರಡನೇ ಕುರ್ಚಿಯಲ್ಲಿ ನಾಲ್ಕು ತಿಂಗಳು ಕೂತಿದ್ದೆ, ಒಂದು ಬೆಳಗ್ಗೆ ಕುರ್ಚಿ ಖಾಲಿ. ಹಡಗು, ಸಮುದ್ರ, ದೇಶ ಸುತ್ತುವ ಆಸೆ. ತಪ್ಪಲ್ಲ. ಆದರೆ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಹೋಗುವಾಗ ಒಂದು ಚೀಟಿ ಇಡಲು ಕೈಗೇನಾಗಿತ್ತು? ಈಗ ಕೇಳಿದ ತಕ್ಷಣ ಫೈಲ್ ಮಾಡಿಕೊಡುತ್ತೇನೆ ಎನ್ನುತ್ತೀಯ. ಒಣಕಲನನ್ನು ಹೊಗಳುತ್ತೀಯ. ನಾಳೆ ಒಣಕಲ ಬಂದಮೇಲೆ, "ಅದನ್ನ ನಡೆಸೋದು ಚಿಕ್ಕವಳಿಗೇ ಚೆನ್ನಾಗಿ ಗೊತ್ತು, ಕರೆಸಿ" ಎಂದು ಅಮ್ಮ ಮ್ಯಾನೇಜರಿಗೆ ಹೇಳಿದರೆ ನನಗೇನೂ ಆಶ್ಚರ್ಯವಾಗುವುದಿಲ್ಲ.

ಇನ್ನು "ಬರೀ ಕಿವಿಗೆ ಬಿಡಬೇಡ" ಎಂಬ ಬುದ್ಧಿಮಾತು. ಇಪ್ಪತ್ತೆರಡು ವರ್ಷ ಈ ಕಿವಿಯನ್ನು ನಂಬಿ ಅನ್ನ ತಿಂದಿದ್ದೇನೆ ಕಣೇ. ಬೇರೆ ಏನನ್ನು ನಂಬಲಿ?

ಫೈಲ್ ಕಳಿಸು. ಕಿವಿಯೇ ಹೇಳುತ್ತದೆ.

ಅಕ್ಕ

———

ಮಾರ್ಚ್ 11

ಅಕ್ಕಾ,

ಫೈಲ್ ಇದರ ಜೊತೆಗಿದೆ. ಕನ್ಸೋಲಿಗೆ ಹಾಕು. ಬಲಗಡೆಯ ಗುಂಡಿಗಳಲ್ಲಿ ಮೊದಲನೆಯದು ಒತ್ತಿದರೆ ದೊಡ್ಡಪ್ಪ, ಎರಡನೆಯದು ಒತ್ತಿದರೆ ಒಣಕಲ. ಯಾವುದನ್ನು ಒತ್ತಿದೆಯೋ ಅದರ ಮೇಲೆ ಹಸಿರು ದೀಪ ಹತ್ತುತ್ತದೆ. ಬೇರೇನನ್ನೂ ಮುಟ್ಟಬೇಡ.

ಯಾಕಿಷ್ಟು ಸಿಹಿ ಎಂದು ಕೇಳಿದ್ದೀಯ. ನೀನು ಮೊದಲು ಕೇಳಿ ನೋಡಿ ಬರಿ, ಆಮೇಲೆ ಹೇಳುತ್ತೇನೆ.

ಚಿಕ್ಕವಳು

———

ಮಾರ್ಚ್ 14

ಚಿಕ್ಕವಳಿಗೆ,

ನಿನ್ನ ಮೇಲೆ ಅನುಮಾನಪಟ್ಟಿದ್ದಕ್ಕೆ ಅರ್ಧ ಕ್ಷಮೆ. ಪೂರ್ತಿ ಕ್ಷಮೆ ಕೇಳುವಷ್ಟು ಇನ್ನೂ ನಂಬಿಕೆ ಬಂದಿಲ್ಲ.

ಏನು ಹೇಳಲಿ! ಇಡೀ ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ನಾಯಕಿಯನ್ನು ನಿಲ್ಲಿಸಿ ಒಂದೇ ಪಲ್ಲವಿಯನ್ನು ಮೂವತ್ತು ಸಲ ಹಾಡಿಸಿದೆ. ಮೊದಲ ಗುಂಡಿ ಒತ್ತುತ್ತಲೂ ದನಿ ಎರಡು ಹೆಜ್ಜೆ ಮುಂದೆ ಬಂದು ನಿಂತಿತು. ಕೆಳಸ್ವರ ತುಂಬಿಕೊಂಡಿತು, 'ಸ' ಅನ್ನುವಾಗಿನ ಚುಚ್ಚು ಮಾಯ. ಎರಡನೆಯದನ್ನು ಒತ್ತಿದರೆ ಅದೇ ದನಿ ತೆಳ್ಳಗೆ, ಬಿಳಚಿಕೊಂಡು, ಹಸಿದವರು ಹಾಡಿದ ಹಾಗೆ. ನಿನ್ನ ಒಣಕಲ ಹೆಸರಿಗೆ ತಕ್ಕವನು! ಎರಡು ಹಾಳೆ ತುಂಬ ವ್ಯತ್ಯಾಸ ಬರೆದಿಟ್ಟಿದ್ದೇನೆ. ದೊಡ್ಡಪ್ಪನಿಗೆ ಸಹಿ ಹಾಕುವುದೇ ಸೈ.

ನಾಯಕಿಯನ್ನು ಕೇಳಿದೆ. "ಎರಡೂ ನಾನೇ ಅಲ್ವಾ?" ಎಂದಳು. ಹಾಡುವವರಿಗೆ ತಮ್ಮ ದನಿ ತಮಗೆ ಕೇಳುವುದಿಲ್ಲ, ಬಿಡು. ಆದರೆ ಮೌನಿ! ನಾನು ಕೇಳದೆಯೇ ಹಿಂದೆ ಬಂದು ನಿಂತು, "ನಂಗೇನೂ ವ್ಯತ್ಯಾಸ ಕೇಳಿಸ್ಲಿಲ್ಲ ಮೇಡಂ. ದನಿ ಹೋಗೋ ದಾರಿ ಒಂದ್ಸಲ ನೋಡ್ತೀರಾ?" ಎಂದ. ಹತ್ತೊಂಬತ್ತು ವರ್ಷದಲ್ಲಿ ಬಾಯಿ ಬಿಟ್ಟಿದ್ದು ನನ್ನ ಕಿವಿಯ ಮೇಲೆ ಮಾತಾಡುವುದಕ್ಕೆ. "ನಿಮ್ಮ ಕನ್ಸೋಲ್ ನೀವು ನೋಡ್ಕೊಳ್ರೀ" ಎಂದು ಕಳಿಸಿದೆ. ಆತ ಏನೋ ಹೊಂಚುತ್ತಿದ್ದಾನೆ.

ಸಂಜೆ ನಿರ್ದೇಶಕರು ಬಂದು "ಇನ್ನೂ ಸ್ವಲ್ಪ ಸಿಹಿ ಬೇಕಿತ್ತು" ಎಂದರು. ನಮ್ಮ ಮರ್ಯಾದೆ ಗುಂಡಿ ನೆನಪಿದೆಯಲ್ಲ? ಎಡ ಮೂಲೆಯಲ್ಲಿ ಯಾವುದಕ್ಕೂ ಜೋಡಿಸದ ಗುಂಡಿ. ದೊಡ್ಡವರು ಬಂದು ಸ್ವಲ್ಪ ಹಾಗೆ, ಸ್ವಲ್ಪ ಹೀಗೆ ಎಂದಾಗ ಅವರ ಮರ್ಯಾದೆಗೆ ತಿರುಗಿಸುವುದು. ತಿರುಗಿಸಿದೆ. ಕಣ್ಣು ಮುಚ್ಚಿ ಕೇಳಿ, "ಆಹಾ, ಈಗ ಬಂತು ನೋಡಿ" ಎಂದರು! ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ. ಜನರ ಕಿವಿಗೆ ಹೂವಿಡುವುದು ಎಷ್ಟು ಸುಲಭ ನೋಡು.

ಅಕ್ಕ

———

ಮಾರ್ಚ್ 15

ಅಕ್ಕಾ,

ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡು. ನೀನು ಕಣ್ಣು ಮುಚ್ಚಿಕೊಂಡು ಕೂರು. ಗುಂಡಿಯನ್ನು ಬೇರೆಯವರು ಒತ್ತಲಿ. ಯಾವುದು ಒತ್ತಿದ್ದು ಎಂದು ನೀನು ಹೇಳು. ಇಪ್ಪತ್ತು ಸಲ.

ಮೌನಿ ಅಂಕಲ್ ಒತ್ತಿದರೆ ಒಳ್ಳೆಯದು. ಅವರು ಮೋಸ ಮಾಡುವವರಲ್ಲ.

ಚಿಕ್ಕವಳು

———

ಮಾರ್ಚ್ 17

ತಂಗಿಗೆ,

ಪರೀಕ್ಷೆ! ನಾನು ಪರೀಕ್ಷೆಗೆ ಕೂರಬೇಕು, ಮೌನಿ ಮೇಷ್ಟರಾಗಬೇಕು. ಇದನ್ನು ಬರೆಯುವಾಗ ನಿನಗೆ ನಗು ಬರಲಿಲ್ಲವೇ?

ಈಗ ಅರ್ಥವಾಯಿತು. ನೀನು ಬೇಕೆಂದ ಒಣಕಲ ಸೋತ, ಅದಕ್ಕೆ ನನ್ನ ಕಿವಿಯ ಮೇಲೆ ಬಂದೆ. ಚಿಕ್ಕಂದಿನಿಂದಲೂ ಅಷ್ಟೇ, ಆಟದಲ್ಲಿ ಸೋತರೆ ಮಣೆ ಮಗುಚುವವಳು. ಒಂದು ಮಾತು ಇವತ್ತು ಹೇಳಿಬಿಡುತ್ತೇನೆ: ನಾಲ್ಕು ತಿಂಗಳು ಎರಡನೇ ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ಕಿವಿ ಪಳಗುವುದಿಲ್ಲ.

ದೊಡ್ಡಪ್ಪನಿಗೆ ಸಹಿ ಹಾಕಿ ಇವತ್ತು ಬೆಳಗ್ಗೆ ಕೊಟ್ಟಿದ್ದೇನೆ. 20ಕ್ಕೆ ಮ್ಯಾನೇಜರ್ ಮುಂದೆ ಪೂರ್ತಿ ನಾಟಕ ಓಡಿಸುತ್ತೇವೆ. ನಿನ್ನ ಫೈಲನ್ನೇ ಇಟ್ಟುಕೊಂಡು ಅದರ ಮೇಲೆ ಕಟ್ಟಿದ್ದೇನೆ, ಅಷ್ಟರ ಮಟ್ಟಿಗೆ ಉಪಕಾರ.

ಅಕ್ಕ

———

ಮಾರ್ಚ್ 21

ತಂಗಿಗೆ,

ನಿನ್ನೆ ಮಾನ ಹೋಯಿತು.

ಬಾವಿಯ ದೃಶ್ಯ. ಪ್ರತಿಧ್ವನಿಯನ್ನು ನಿನ್ನೆ ಬೆಳಗ್ಗೆಯಷ್ಟೇ ಸೇರಿಸಿದ್ದೆ, ಮೊದಲೇ ಕೇಳಿ ನೋಡಲು ಹೊತ್ತಿರಲಿಲ್ಲ. ಮೂರನೇ ಸಾಲಿನಲ್ಲಿ ಮ್ಯಾನೇಜರ್, ಪಕ್ಕದಲ್ಲಿ ನಿರ್ದೇಶಕರು. ನಾಯಕಿ ಬಾವಿಯ ಕಟ್ಟೆಗೆ ಬಗ್ಗಿ ಕಳೆದುಹೋದ ಗಂಡನನ್ನು ಕೂಗಬೇಕು, ಕೂಗು ಬಾವಿಯೊಳಗೆ ಸುತ್ತಿ ಸುತ್ತಿ ಮೇಲೆ ಬರಬೇಕು. ಕೂಗಿದಳು. ನಾನು ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು, ಕಂಪ್ಯೂಟರ್ ಪರದೆಯಲ್ಲಿ ಮುಳ್ಳು ಕುಣಿಯಿತು, ಪ್ರತಿಧ್ವನಿ ಮಾತ್ರ ಇಲ್ಲ. ಬೋಳು ದನಿ. ಪಾಪ ಅವಳು ಇನ್ನೂ ಎರಡು ಸಲ ಕೂಗಿದಳು. ಕೋರಸ್ಸಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಏನಮ್ಮಾ, ದೊಡ್ಡ ಸಾಮಾನು ತರಿಸಿದ್ದೀರಿ, ಬಾವಿ ಎಲ್ಲಿ?" ಎಂದು ಮ್ಯಾನೇಜರ್ ಅಲ್ಲಿಂದಲೇ ಕೇಳಿದರು.

ನಾನು ಎದ್ದು ಹಿಂದಿನ ಯಂತ್ರದ ಬೀರುವಿಗೆ ಹೋಗಿ ನೋಡಿದೆ. ಕಂಪ್ಯೂಟರಿನ ತಂತಿ ಸ್ವಲ್ಪ ಸಡಿಲವಾಗಿತ್ತು. ಅಲ್ಲಿಗೆ ಹೋಗುವುದು ಇಬ್ಬರೇ, ನಾನು ಮತ್ತು ಮೌನಿ. ದನಿಯ ದಾರಿ ನೋಡಿ ಎಂದು ಆತ ಯಾಕೆ ಹೇಳಿದ? ದಾರಿಯಲ್ಲಿ ಏನಾಗಲಿದೆ ಎಂದು ಮೊದಲೇ ಗೊತ್ತಿದ್ದವನು ಮಾತ್ರ ಹಾಗೆ ಹೇಳುತ್ತಾನೆ. ಎಲ್ಲರೆದುರೇ ಹೇಳಿಬಿಟ್ಟೆ, ಇದು ಬೇಕಂತಲೇ ಮಾಡಿದ್ದು ಎಂದು.

ಮ್ಯಾನೇಜರ್ ಕೇಳಿದರು, "ಏನ್ರೀ, ನೀವು ಮುಟ್ಟಿದ್ರಾ?"

"ಇಲ್ಲ ಸಾರ್."

ಇನ್ನೇನೋ ಹೇಳುವವನ ಹಾಗೆ ನನ್ನನ್ನೇ ನೋಡಿದ. ಕನ್ನಡಕದ ಡಬ್ಬಿ, ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದ. ನಾನು ಬರಹದಲ್ಲಿ ದೂರು ಕೊಟ್ಟಿದ್ದೇನೆ. 28ಕ್ಕೆ ವಿಚಾರಣೆ, ಅಲ್ಲಿಯವರೆಗೆ ಮನೆಯಲ್ಲಿರಲು ಹೇಳಿದ್ದಾರೆ. ಸಾಬೀತಾದರೆ ಕೆಲಸ ಹೋಗುತ್ತದೆ. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ನನಗೇನು ಖುಷಿಯೇ? ಆದರೆ ಬೆನ್ನ ಹಿಂದೆ ಹೀಗೆ ಮಾಡುವವರನ್ನು ಇಟ್ಟುಕೊಂಡು ನಾಟಕ ನಡೆಸಲಾರೆ.

ತಂತಿಯನ್ನು ಗಟ್ಟಿ ಮಾಡಿದಮೇಲೂ ಪ್ರತಿಧ್ವನಿ ಬರುತ್ತಿಲ್ಲ. ಇನ್ನೆಲ್ಲೆಲ್ಲಿ ಕೈಯಾಡಿಸಿದ್ದಾನೋ. ನಿನ್ನ ಫೈಲ್ ಇನ್ನೊಮ್ಮೆ ಕಳಿಸು, ಬೇಗ.

ಅಕ್ಕ

———

ಮಾರ್ಚ್ 24

ಮೂರು ದಿನವಾಯಿತು. ಫೈಲೂ ಇಲ್ಲ, ಕಾಗದವೂ ಇಲ್ಲ. ಭಾನುವಾರ ಅಮ್ಮನಿಗೆ ಮಾತ್ರ ಫೋನ್ ಬಂದಿದೆ, ಹತ್ತೇ ನಿಮಿಷಕ್ಕೆ ಬಾಗಿಲು ತೆಗೆದು ಹೊರಗೆ ಬಂದು, ನನ್ನ ಮುಖ ನೋಡದೆ ಅಡುಗೆಮನೆಗೆ ಹೋದಳು.

ನೀನು ಇಲ್ಲಿದ್ದಾಗ ಮೌನಿಯ ಜೊತೆ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದೆ. ಮೌನಿ ಅಂಕಲ್, ಮೌನಿ ಅಂಕಲ್. ನೀವಿಬ್ಬರೂ ಸೇರಿ ನಡೆಸಿದ ಆಟವೋ ಇದು?

ನಿಜ ಬರಿ.

———

ಮಾರ್ಚ್ 25

ಅಕ್ಕಾ,

ನಿಜ ಬರೆಯುತ್ತೇನೆ. ಕೂತು ಓದು.

ನಾನು ಕಳಿಸಿದ ಫೈಲಿನಲ್ಲಿ ದೊಡ್ಡಪ್ಪನೂ ಇಲ್ಲ, ಒಣಕಲನೂ ಇಲ್ಲ. ಮೈಕಿನ ದನಿಯ ಒಂದು ನಕಲು ಕಂಪ್ಯೂಟರಿಗೆ ಹೋಗುತ್ತದೆ, ಅದಕ್ಕೇ ಪರದೆಯಲ್ಲಿ ಮುಳ್ಳು ಕುಣಿಯುವುದು. ಆದರೆ ಅಲ್ಲಿಂದ ವಾಪಸ್ ಬರುವ ದಾರಿಯನ್ನು ನಾನು ಜೋಡಿಸಿಲ್ಲ. ಎರಡು ಗುಂಡಿಯೂ ಬರೀ ದೀಪ. ಮೂವತ್ತು ಸಲ ನೀನು ಕೇಳಿದ್ದು ಒಂದೇ ದನಿ, ಕಂಪ್ಯೂಟರನ್ನು ಮುಟ್ಟದ ನಾಯಕಿಯ ಬರಿ ದನಿ. ಮೌನಿ ಅಂಕಲ್ ಹೇಳಿದ್ದು ಸತ್ಯ. ಅವರು ಏನನ್ನೂ ಮುಟ್ಟಿಲ್ಲ. ಮಾಡಿದವಳು ನಾನು.

ಯಾಕೆ ಎಂದು ನೀನು ಮಾರ್ಚ್ 8ರಂದೇ ಕೇಳಿದ್ದೆ. ಸಮುದ್ರ ನೋಡುವ ಆಸೆಗೆ ನಾನು ಹೋಗಲಿಲ್ಲ. ಎರಡನೇ ಕುರ್ಚಿಯಲ್ಲಿ ನನಗೆ ಕೋರಸ್ಸಿನ ಎಂಟು ಮೈಕು ಕೊಟ್ಟಿದ್ದೆ, ಎಂಟು ಫೇಡರ್. ಏರಿಸಿದರೆ ದನಿ ಏರಬೇಕು, ಇಳಿಸಿದರೆ ಇಳಿಯಬೇಕು. ನಾಲ್ಕು ತಿಂಗಳು ದಿನವೂ ಬೆವರಿಕೊಂಡು ಅವನ್ನು ನಡೆಸಿದೆ. ಕೊನೆಯ ದಿನ ಮೌನಿ ಅಂಕಲ್ ನನ್ನನ್ನು ಬೀರುವಿನ ಹಿಂದೆ ಕರೆದುಕೊಂಡು ಹೋಗಿ ಟಾರ್ಚ್ ಹಿಡಿದರು. ಮಾತಾಡಲಿಲ್ಲ, ಬೆಳಕು ಬಿಟ್ಟರು ಅಷ್ಟೇ. ನನ್ನ ಎಂಟು ಫೇಡರಿನ ತಂತಿ ಯಾವುದಕ್ಕೂ ಹೋಗಿರಲಿಲ್ಲ. ಸುತ್ತಿ, ಟೇಪ್ ಹಚ್ಚಿ, ಮೇಲೆ ನಿನ್ನ ಅಕ್ಷರದಲ್ಲಿ "ಬೇಡ" ಎಂದು ಬರೆದಿತ್ತು. ನೀನು ನನಗೆ ಎಂಟು ಮರ್ಯಾದೆ ಗುಂಡಿ ಕೊಟ್ಟು ಕೂರಿಸಿದ್ದೆ.

ನನಗೆ ಕೆಲಸ ಬರುವುದಿಲ್ಲ ಎಂದು ಹೇಳಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ನೀನು ಹೇಳಲಿಲ್ಲ. ನನ್ನನ್ನು ನಿರ್ದೇಶಕರ ಸಾಲಿಗೆ ಸೇರಿಸಿದೆ. ಅದಕ್ಕಿಂತ ಹೆಚ್ಚು ನನ್ನನ್ನು ತಿಂದಿದ್ದು ಇನ್ನೊಂದು. ನಾನು ಏರಿಸಿದಾಗ ಕೋರಸ್ ಏರಿದ್ದು ನನಗೆ ಕೇಳುತ್ತಿತ್ತು ಅಕ್ಕಾ! ಸತ್ತ ಫೇಡರ್ ಎತ್ತಿ ದನಿ ಎದ್ದಿತು ಎಂದು ನಂಬಿದ ಕಿವಿ ಎಂಥ ಕಿವಿ? ಹಡಗಿನಲ್ಲೂ ಎರಡು ವರ್ಷ ದಿನಕ್ಕೆ ಹತ್ತು ಸಲ ಎದ್ದು ತಂತಿ ನೋಡಿ ಬರುತ್ತೇನೆ. ಜೊತೆಯವರು ನನಗೆ ಗಡಿಯಾರ ಎಂದು ಅಡ್ಡಹೆಸರಿಟ್ಟಿದ್ದಾರೆ. ನಿನ್ನ ಪತ್ರ ಬಂದಾಗ, ಅಕ್ಕನ ಕಿವಿಯೂ ಹಾಗೇ ಮೋಸಹೋಗುತ್ತದೆಯೇ ನೋಡೋಣ ಎನಿಸಿತು. ಹೋಯಿತು. ನಾನು ಅಂದುಕೊಂಡಿದ್ದ ಸಂತೋಷ ಮಾತ್ರ ಬರಲಿಲ್ಲ.

15ಕ್ಕೇ ಹೇಳಬೇಕೆಂದು ಕೂತೆ, ಧೈರ್ಯವಾಗದೆ ಕಣ್ಣು ಮುಚ್ಚಿ ಕೇಳು ಎಂದು ಬರೆದೆ. 17ರ ನಿನ್ನ ಕಾಗದ ನೋಡಿ ಸಿಟ್ಟು ಬಂತು, ಬೀಳಲಿ ಎಂದು ಬಿಟ್ಟೆ. 21ರದ್ದನ್ನು ಅವತ್ತೇ ಓದಿದೆ. ನೆಟ್ ಇರಲಿಲ್ಲ ಎಂದು ಬರೆಯಬಹುದಿತ್ತು, ಅದು ಸುಳ್ಳು. ಹೆದರಿದ್ದೆ. ಭಾನುವಾರ ಅಮ್ಮನಿಗೆ ಹೇಳಿದೆ. "ಮೊದ್ಲು ಆ ಮನುಷ್ಯನ ಕೆಲಸ ಉಳಿಸು, ಆಮೇಲೆ ನಂಜೊತೆ ಮಾತಾಡು" ಎಂದು ಇಟ್ಟುಬಿಟ್ಟಳು.

ಈ ಪತ್ರವನ್ನು ಮ್ಯಾನೇಜರಿಗೆ ತೋರಿಸು. 27ರ ಸಂಜೆ ಐದರೊಳಗೆ ತೋರಿಸಿದೆ ಎಂದು ನೀನು ಬರೆಯದಿದ್ದರೆ ನಾನೇ ಅವರಿಗೆ ಕಳಿಸುತ್ತೇನೆ. ನೀನು ಮುಚ್ಚಿಡುತ್ತೀಯ ಎಂದು ನನಗೆ ಅನುಮಾನವಿದೆ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ಚಿಕ್ಕವಳು

———

ಮಾರ್ಚ್ 26

ಓದಿದೆ. ನೀನು ಕಳಿಸುವುದು ಬೇಡ.

———

ಮಾರ್ಚ್ 27

ಅಕ್ಕಾ,

ಬೇಡ ಎಂದರೆ ಏನರ್ಥ? ಆ ಟೇಪಿನ ಮೇಲೂ ಇದೇ ಮಾತು ಬರೆದಿದ್ದೆ.

ಐದು ಗಂಟೆಯಾಯಿತು. ಕಳಿಸಿದ್ದೇನೆ.

———

ಏಪ್ರಿಲ್ 5

ಚಿಕ್ಕವಳೇ,

ನಿನ್ನ ಪತ್ರ ಮ್ಯಾನೇಜರ್ ಕಂಪ್ಯೂಟರಿಗೆ ಬಂದಾಗ ನಾನು ಅವರೆದುರಿಗೇ ಕೂತಿದ್ದೆ. ಅದರ ಪ್ರತಿಯನ್ನು ಓದಿ ಹೇಳಿ ಮುಗಿಸಿ ಅರ್ಧ ಗಂಟೆಯಾಗಿತ್ತು. ನನ್ನನ್ನು ನಂಬಲಿಲ್ಲ ನೀನು. ತಪ್ಪಿಲ್ಲ ಬಿಡು, ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಐದು ಗಂಟೆಯವರೆಗೂ ಕಾಯುತ್ತಿರಲಿಲ್ಲ.

26ರಂದು ಪತ್ರ ಓದಿದಾಗ ಮೊದಲು ನಿನ್ನ ಮೇಲೆ ಎಷ್ಟು ಕೋಪ ಬಂತೆಂದರೆ, ಆ ಫೈಲನ್ನೇ ಸಾಕ್ಷಿಯಾಗಿ ಹಿಡಿದು ನಿನ್ನ ಹಡಗಿನವರಿಗೆ ದೂರು ಬರೆಯಲು ಕೂತಿದ್ದೆ. "ಎರಡನೇ ಕುರ್ಚಿಯಲ್ಲಿ ನಾಲ್ಕು ತಿಂಗಳು ಕೆಲಸ ಮಾಡಿದ ನನ್ನ ತಂಗಿ" ಎಂದು ಬರೆಯುವಾಗ 'ಕೆಲಸ ಮಾಡಿದ' ಎಂಬಲ್ಲಿ ಕೈ ನಿಂತಿತು. ಎದ್ದು ಮೌನಿಯವರ ಮನೆಗೆ ಹೋದೆ.

ಬಾಗಿಲು ತೆಗೆದವರು ಅವರೇ. ಬನಿಯನ್ನಿನ ಮೇಲೆ ಅವಸರದಲ್ಲಿ ಅಂಗಿ ಹಾಕಿಕೊಂಡರು, ಗುಂಡಿ ತಪ್ಪಾಗಿ ಬಿತ್ತು. "ನಾನು ಕಿತ್ತಿಲ್ಲ ಮೇಡಂ" ಎಂದರು, ನಾನು ಬಾಯಿ ತೆರೆಯುವ ಮೊದಲೇ.

"ಗೊತ್ತು. ತಪ್ಪು ನನ್ನದೇ. ಅವತ್ತು ಎಲ್ಲರೆದುರು ಯಾಕೆ ಹೇಳ್ಲಿಲ್ಲ, ಫೈಲೇ ಸರಿಯಿಲ್ಲ ಅಂತ? ನಿಮಗೆ ಗೊತ್ತಾಗಿತ್ತಲ್ವಾ?"

"ಗೊತ್ತಾಗಿತ್ತು. ಚಿಕ್ಕಮ್ಮಾವ್ರ ಫೈಲು ಅಂತಾನೂ ಗೊತ್ತಾಗಿತ್ತು. ಹೇಳಿದ್ರೆ ಅವ್ರ ಹೆಸರು ಬರ್ತಿತ್ತು. ಅಕ್ಕತಂಗೀರ ವಿಷಯ, ನಾನ್ಯಾಕೆ ಮಧ್ಯೆ?"

ನಿನ್ನ ಹೆಸರು ಬರಬಾರದೆಂದು ಹನ್ನೊಂದು ತಿಂಗಳ ಕೆಲಸ ಬಿಡಲು ತಯಾರಾಗಿದ್ದರು. ನಾನು ಅವರನ್ನು ಏನೆಂದುಕೊಂಡಿದ್ದೆ! ನಾಚಿಕೆಯಾಯಿತು ಕಣೇ. ನಾಚಿಕೆಯಿಂದ ಅವರ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರ ಹೆಂಡತಿ ಬಂದು ಚಹಾ ಕೊಟ್ಟರು.

ಮ್ಯಾನೇಜರ್ ವಿಚಾರಣೆ ಕೈಬಿಟ್ಟು ಮೌನಿಯವರನ್ನು ವಾಪಸ್ ಕರೆಸಿದ ಮೇಲೆ, 28ಕ್ಕೆ, ನೀನು ಹೇಳಿದ ಪರೀಕ್ಷೆಗೆ ಕೂತೆ. ಈ ಸಲ ತಂತಿ, ದಾರಿ, ಎಲ್ಲ ಸರಿಯಾಗಿ. ಮೌನಿಯವರು ಗುಂಡಿ ಒತ್ತಿದರು, ನಾನು ಕಣ್ಣಿಗೆ ಶಾಲು ಕಟ್ಟಿಕೊಂಡೆ. ಇಪ್ಪತ್ತರಲ್ಲಿ ಹನ್ನೊಂದು ಸರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಆಮೇಲೆ ಪೂರ್ತಿ ನಾಟಕ ಓಡುತ್ತಿರುವಾಗಲೇ ಕಂಪ್ಯೂಟರಿನ ಕರೆಂಟ್ ಕಿತ್ತು ನೋಡಿದೆವು. ಮತ್ತೆ ಹಾಕಿದಾಗ ಒಣಕಲ ಬೇಗ ಎದ್ದು ನಿಂತ. ದೊಡ್ಡಪ್ಪ ಒಂದಿಡೀ ಹಾಡು ಮುಗಿದರೂ ಕಣ್ಣುಜ್ಜಿಕೊಳ್ಳುತ್ತಿದ್ದ. ಕೊನೆಗೆ, ನಾನು ಹೊರಗೆ ಹೋಗಿ ನಿಂತೆ. ಒಣಕಲನನ್ನು ಅದುವರೆಗೆ ಮುಟ್ಟದ ಮೌನಿಯವರು ಕಾಲು ಗಂಟೆಯಲ್ಲಿ ಬಾವಿಯ ದೃಶ್ಯ ನಡೆಸಿದರು. ಬಾಗಿಲಾಚೆಗೂ ಆ ಕೂಗು ಸುತ್ತಿ ಸುತ್ತಿ ಬಂತು. ನಾನಿಲ್ಲದೆಯೂ ನಡೆಯುತ್ತದೆ ಎಂದು ಗೊತ್ತಾಗಿದ್ದು ನನಗೆ ಹಿಡಿಸಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೂ ಒಣಕಲನಿಗೇ ಸಹಿ ಹಾಕಿದೆ.

ಮ್ಯಾನೇಜರ್ ಸುಮ್ಮನೆ ಬಿಡಲಿಲ್ಲ. ಸುಳ್ಳು ದೂರು ಕೊಟ್ಟಿದ್ದಕ್ಕೆ ಈ ನಾಟಕ ಮುಗಿಯುವವರೆಗೆ ನನ್ನನ್ನು ಮುಖ್ಯ ಕುರ್ಚಿಯಿಂದ ಇಳಿಸಿದ್ದಾರೆ. ಅಲ್ಲಿ ಮೌನಿಯವರು ಕೂತಿದ್ದಾರೆ, ಬದಿಯ ಕನ್ಸೋಲಿಗೆ ಹೊರಗಿನಿಂದ ಒಬ್ಬರನ್ನು ಕರೆಸಿದ್ದಾರೆ. ನಾನು ನಿನ್ನ ಕುರ್ಚಿಯಲ್ಲಿ, ಕೋರಸ್ಸಿನ ಎಂಟು ಫೇಡರಿನ ಮುಂದೆ. ಕೂರುವ ಮೊದಲು ಬೀರುವಿನ ಹಿಂದೆ ಹೋಗಿ ತಂತಿ ನೋಡಿ ಬಂದೆ, ನೋಡದೆ ಇರಲಾಗಲಿಲ್ಲ. ಎಂಟೂ ಜೋಡಿಸಿದ್ದವು.

ಈಗ ನಾನು ಹೇಳಬೇಕಾದ್ದು. ಇದನ್ನು ಬರೆಯದೆ ಒಂದು ವಾರ ತಳ್ಳಿದೆ.

ಮೊದಲ ಮೂರು ದಿನ ನಿನ್ನ ಫೇಡರ್‌ಗಳು ಜೋಡಿಸಿಯೇ ಇದ್ದವು. ಮೂರನೇ ದಿನ ಅಂದಿನ ನಿರ್ದೇಶಕರು ಬಂದು, "ಏನ್ ಮಾಡಿದ್ರಿ? ಕೋರಸ್ ಈಗ ಉಸಿರಾಡ್ತಿದೆ" ಎಂದರು. ನೀನು ನೀರು ಕುಡಿಯಲು ಹೋಗಿದ್ದೆ. ನಾನು "ಸ್ವಲ್ಪ ಸರಿ ಮಾಡ್ದೆ ಸಾರ್" ಎಂದೆ. ಇಪ್ಪತ್ತು ವರ್ಷದಲ್ಲಿ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ಹೊಟ್ಟೆಕಿಚ್ಚು ಬಂತು. ಬೇರೆ ಹೆಸರಿಲ್ಲ ಅದಕ್ಕೆ. ಅವತ್ತೇ ನಿನ್ನ ತಂತಿ ಕಿತ್ತು ಸುತ್ತಿ ಟೇಪ್ ಹಚ್ಚಿದೆ.

ಆದರೆ ನಿನ್ನ ಕಿವಿ ಮೋಸಹೋಗಿರಲಿಲ್ಲ. ನೀನು ಏರಿಸಿದಾಗ ಕೋರಸ್ ನಿಜವಾಗಿ ಏರುತ್ತಿತ್ತು. ಕೋರಸ್ಸಿನ ಆ ಎಂಟು ಮೈಕು ನನ್ನ ಕನ್ಸೋಲಿನಲ್ಲೂ ಇದ್ದವಲ್ಲ. ನಾಲ್ಕು ತಿಂಗಳು ನಾನು ರಂಗವನ್ನು ನೋಡಲೇ ಇಲ್ಲ. ಓರೆಗಣ್ಣಿನಲ್ಲಿ ನಿನ್ನ ಬೆರಳು ನೋಡಿಕೊಂಡು, ನೀನು ಎತ್ತಿದ್ದನ್ನು ಎತ್ತಿ, ಇಳಿಸಿದ್ದನ್ನು ಇಳಿಸಿ, ನಕಲು ಹೊಡೆಯುತ್ತಿದ್ದೆ. ಜನ ಕೇಳಿದ್ದು, ಮೆಚ್ಚಿದ್ದು ನಿನ್ನ ಕೋರಸ್ಸನ್ನೇ. ಇನ್ನು ದಿನಕ್ಕೆ ಹತ್ತು ಸಲ ಎದ್ದು ತಂತಿ ನೋಡುವುದು ಬಿಡು.

ನಿನ್ನೆ ಮೂರನೇ ಪ್ರದರ್ಶನ ಮುಗಿದಮೇಲೆ ನಿರ್ದೇಶಕರು ನನ್ನ ಕುರ್ಚಿಯ ಹತ್ತಿರ ಬಂದು ಮುಖ ಸಣ್ಣಗೆ ಮಾಡಿಕೊಂಡು ನಿಂತರು. "ಎಲ್ಲಾ ಚೆನ್ನಾಗಿದೆ, ಕೋರಸ್ ಮಾತ್ರ ಯಾಕೋ ಉಸಿರಾಡ್ತಿಲ್ಲ" ಎಂದರು. ಮೌನಿಯವರು ಪಕ್ಕದಲ್ಲೇ ಇದ್ದರು.

"ಹೌದು ಸಾರ್," ಎಂದೆ. "ಅದು ನನಗೆ ಬರಲ್ಲ. ಅದು ಬರೋದು ನನ್ನ ತಂಗಿಗೆ."

ಅಕ್ಕ